ರಿಕವರಿ ಪಾರ್ಟಿಷನ್ ಇದೆ, ಮೆನು ಮಾತ್ರ ಬರ್ತಿಲ್ಲ ಅನ್ನುವವರಿಗೆ

ವಿಂಡೋಸ್ ಕೆಟ್ಟಾಗ ರಿಪೇರಿಗೆ ಬಳಸುವ ರಿಕವರಿ ಮೆನು ಬರದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿ ಎಂದು ಬರೆದಿದ್ದೀರಿ. ಅಷ್ಟು ದೂರ ಯಾಕೆ ಸಾರ್? ವಿಂಡೋಸ್ ತೆರೆಯುತ್ತಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ರಿಏಜೆಂಟ್‌ಸಿ /ಇನ್ಫೋ’ (reagentc /info) ಕೊಟ್ಟು ನೋಡಿ. ಡಿಸೇಬಲ್ಡ್ ಎಂದು ಬಂದರೆ ‘ರಿಏಜೆಂಟ್‌ಸಿ /ಎನೇಬಲ್’ (reagentc /enable) ಕೊಡಿ. ಡಿಸ್ಕ್ ಕ್ಲೋನ್ (ಪೂರ್ತಿ ನಕಲು) ಮಾಡಿದಾಗ, ಪಾರ್ಟಿಷನ್ (ಡಿಸ್ಕಿನ ಭಾಗ) ಅಳತೆ ಬದಲಿಸಿದಾಗ ಹೀಗಾಗುವುದು ಜಾಸ್ತಿ. ರಿಕವರಿ ಪಾರ್ಟಿಷನ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಅದು ಎಲ್ಲಿದೆ ಎಂಬ ವಿಳಾಸ ತಪ್ಪಿರುತ್ತದೆ, ಅಷ್ಟೇ. ಎನೇಬಲ್ ಆದ ಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಮೆನು ಬರಬೇಕು. ರಿಕವರಿ ಮೆನು ಇರುವ ‘ವಿನ್‌ಆರ್‌ಇ’ ಇಮೇಜ್ ಫೈಲೇ ಅಳಿಸಿಹೋಗಿದ್ದರೆ ಮಾತ್ರ ಇನ್‌ಸ್ಟಾಲೇಷನ್ ಯುಎಸ್‌ಬಿ ಬೇಕಾಗುತ್ತದೆ.

ಇನ್ನೊಂದು, ಡ್ರೈವ್ ಅಕ್ಷರವಿಲ್ಲದ ಸುಮಾರು 100 ಎಂಬಿಯ ಪಾರ್ಟಿಷನ್ ಕಂಡರೆ ಸುಮ್ನೆ ಅಳಿಸಬೇಡಿ. ಅದು ಸಾಮಾನ್ಯವಾಗಿ ರಿಕವರಿ ಅಲ್ಲ, ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಷನ್. ಹೋದರೆ ಬೂಟೇ ಆಗಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ವಿಂಡೋಸ್ ಬೀಗ) ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.