ಹೊಳೆಯುವ ಟೈಲ್ಸ್ ನಮ್ಮೂರಿಗೆ ಹೇಳಿಸಿದ್ದಲ್ಲ

ಮಂಗಳೂರಿನ ಫ್ಲ್ಯಾಟಿಗೆ ಹೊಸ ಟೈಲ್ಸ್ ಹಾಕಿಸುತ್ತೇವೆ, ಯಾವುದು ಒಳ್ಳೆಯದು ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಹೊಳೆಯುವುದು ಬೇಡ. ಎಷ್ಟೇ ಚಂದ ಕಾಣಲಿ, ಬೇಡ.

ಅಂಗಡಿಯಲ್ಲಿ ಎಲ್ಲರಿಗೂ ಅದೇ ಇಷ್ಟವಾಗುತ್ತದೆ. ಮೇಲಿನಿಂದ ಲೈಟ್ ಬಿಟ್ಟಿರುತ್ತಾರೆ, ಎಸಿ ಇರುತ್ತದೆ, ನೆಲ ಒಣಗಿರುತ್ತದೆ. ನಾವು ಚಪ್ಪಲಿ ಹಾಕಿಕೊಂಡೇ ಅದರ ಮೇಲೆ ನಡೆದು ನೋಡುತ್ತೇವೆ. ಮನೆಯಲ್ಲಿ ಹಾಗಿರುವುದಿಲ್ಲವಲ್ಲ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆ, ಒದ್ದೆ ಕಾಲು, ಹಾಲಿನಲ್ಲೇ ಒಣಹಾಕಿದ ಬಟ್ಟೆ. ಸಾಲದು ಅಂತ ಕೆಲವು ದಿನ ನೆಲವೇ ಬೆವರುತ್ತದೆ. ಗಾಳಿಯಲ್ಲಿರುವ ತೇವ ತಣ್ಣಗಿನ ನೆಲಕ್ಕೆ ತಾಗಿ ನೀರಾಗುತ್ತದೆ. ಕೆಳಗಿನ ಮಹಡಿಯವರಿಗೆ ಇದು ಚೆನ್ನಾಗಿ ಗೊತ್ತು. ವಿಟ್ರಿಫೈಡ್ ಟೈಲ್ಸ್, ಅಂದರೆ ತುಂಬ ಬಿಸಿಯಲ್ಲಿ ಸುಟ್ಟು ಗಾಜಿನಷ್ಟು ಬಿಗಿ ಮಾಡಿದ್ದು, ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ. ಕಲೆ ಹಿಡಿಯದಿರುವುದು ಅದರಿಂದಲೇ. ಆದರೆ ಬಿದ್ದ ನೀರು ಒರೆಸುವ ತನಕ ಮೇಲೆಯೇ ನಿಂತಿರುತ್ತದೆ.

1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದ ಊರು ಇದು. ಛಾವಣಿಗೆ ಮಾತ್ರವಲ್ಲ, ನೆಲಕ್ಕೂ ಇಲ್ಲಿಯದೇ ಸುಟ್ಟ ಮಣ್ಣಿನ ಹೆಂಚು ಹಾಕುತ್ತಿದ್ದರು. ಅದು ಸ್ವಲ್ಪ ನೀರು ಹೀರಿಕೊಳ್ಳುತ್ತಿತ್ತು, ಕಾಲಿಗೆ ಹಿಡಿತ ಕೊಡುತ್ತಿತ್ತು. ಫ್ಲ್ಯಾಟಿನಲ್ಲಿ ಅದನ್ನೇ ಹಾಕಿ ಅಂತ ನಾನು ಹೇಳುವುದಿಲ್ಲ. ಆ ಹಿಡಿತವನ್ನಾದರೂ ಹುಡುಕಿ ಅಂತ ಹೇಳುತ್ತಿದ್ದೇನೆ.

ನಮ್ಮದೇ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆಯಲು ಬಾಗಿಲಿಗೆ ಬಂದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅದರ ನಂತರ ಅವರು ಮೊದಲಿನ ಹಾಗೆ ನಡೆಯಲೇ ಇಲ್ಲ. ನೆಲ ಹೊಸತು, ಬೆಲೆ ಬಾಳುವಂಥದ್ದು, ಮನೆಗೆ ಬಂದವರೆಲ್ಲ ಹೊಗಳಿದ್ದು. ಇದನ್ನು ನೋಡಿದ ಮೇಲೆ ನನ್ನ ಅಮ್ಮ ಬರಿಗಾಲಲ್ಲಿ ಓಡಾಡುವ ಮನೆಗೆ ಅಂಥ ನೆಲ ಹಾಕಿಸಲು ನನಗೆ ಮನಸ್ಸು ಬರಲಿಲ್ಲ.

ಜಾರುವುದನ್ನು ಅಳೆಯಲು ಲೆಕ್ಕ ಉಂಟು. ಟೈಲ್ಸ್ ವಿವರದಲ್ಲಿ ಆರ್9, ಆರ್10, ಆರ್11 ಅಂತ ಬರೆದಿರುತ್ತಾರೆ. 13ರವರೆಗೆ ಹೋಗುತ್ತದೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಜಾಸ್ತಿ. ಎಣ್ಣೆ ಸುರಿದ ಇಳಿಜಾರಿನ ಮೇಲೆ ಶೂ ಹಾಕಿಕೊಂಡು ನಡೆದು ಮಾಡುವ ಪರೀಕ್ಷೆ ಅದು. ಬರಿಗಾಲಿಗೆ ಬೇರೆಯೇ ಪರೀಕ್ಷೆ ಇದೆ, ಸಾಬೂನು ನೀರಿನ ಮೇಲೆ ನಡೆದು ನೋಡುವುದು. ಅದರಲ್ಲಿ ಎ, ಬಿ, ಸಿ ಅಂತ ದರ್ಜೆ. ಸಿ ಎಲ್ಲಕ್ಕಿಂತ ಹೆಚ್ಚು ಹಿಡಿತದ್ದು. ಮನೆಯೊಳಗೆ ಚಪ್ಪಲಿ ಹಾಕದ ನಾವು ಕೇಳಬೇಕಾದದ್ದು ಇದನ್ನೇ, ಅಲ್ವಾ? ಅಂಗಡಿಯವರಿಗೆ ತಿಳಿಯದಿದ್ದರೆ ಕಂಪನಿಯ ಪಟ್ಟಿ ತರಿಸಿ ನೋಡಿ. ಅದೂ ಸಿಗದಿದ್ದರೆ ಒಂದು ಲೋಟ ನೀರು ಕೇಳಿ. ಸ್ಯಾಂಪಲ್ ಟೈಲ್ಸನ್ನು ನೆಲದ ಮೇಲಿಟ್ಟು ನೀರು ಚೆಲ್ಲಿ, ಚಪ್ಪಲಿ ಬಿಟ್ಟು, ಏನಾದರೂ ಹಿಡಿದುಕೊಂಡು ಕಾಲು ಎಳೆದು ನೋಡಿ. ನಾಚಿಕೆ ಬೇಡ, ದುಡ್ಡು ನಮ್ಮದು.

ಮ್ಯಾಟ್, ಅಂದರೆ ಹೊಳಪಿಲ್ಲದ ಟೈಲ್ಸ್‌ನಲ್ಲಿ ಕೊಳೆ ಕೂರುತ್ತದೆ ಅನ್ನುತ್ತಾರೆ. ತೀರಾ ಒರಟಾದದ್ದರಲ್ಲಿ ಹೌದು. ಅಂಥದ್ದು ಬಚ್ಚಲಿಗೆ, ಬಾಲ್ಕನಿಗೆ ಸಾಕು. ಹಾಲ್, ಅಡುಗೆಮನೆಗೆ ನಯವಾದ ಮ್ಯಾಟ್ ಬರುತ್ತದೆ, ಆರಾಮಾಗಿ ಒರೆಸಬಹುದು. ಬಿಳಿ ಬಣ್ಣ ಮಾತ್ರ ಬೇಡ. ನಮ್ಮ ಕೆಂಪು ಮಣ್ಣು ಅದರಲ್ಲಿ ಎದ್ದು ಕಾಣುತ್ತದೆ. ಮರದ ಹಾಗೆ ಕಾಣುವ ಲ್ಯಾಮಿನೇಟ್ ಕೂಡ ಇಲ್ಲಿಗಲ್ಲ. ಅದರ ಒಳಗಿರುವುದು ಒತ್ತಿದ ಮರದ ನಾರು, ತೇವ ಕುಡಿದು ಉಬ್ಬುತ್ತದೆ.

ಇನ್ನು ಹಾಕಿಸುವ ವಿಷಯ. ಇದರ ಬಗ್ಗೆ ಜನ ಏನೂ ಯೋಚಿಸುವುದೇ ಇಲ್ಲ ಅನ್ನುವುದು ನನಗೆ ದೊಡ್ಡ ಬೇಸರ. ಟೈಲ್ಸ್ ಆರಿಸಲು ಊರೆಲ್ಲ ಸುತ್ತುತ್ತಾರೆ, ಹಾಕುವ ದಿನ ಮನೆಯಲ್ಲೇ ಇರುವುದಿಲ್ಲ.

ಹಳೆಯದನ್ನು ಒಡೆಯಬೇಕಾ, ಅದರ ಮೇಲೆಯೇ ಹಾಕಬೇಕಾ? ಹಳೇ ನೆಲ ಗಟ್ಟಿ ಇದ್ದರೆ ನನ್ನ ಮತ ಮೇಲೆ ಹಾಕುವುದಕ್ಕೆ. ಒಡೆಯುವುದೆಂದರೆ ಸುತ್ತಲಿನ ಮನೆಗಳಿಗೆಲ್ಲ ಶಬ್ದ, ಲಿಫ್ಟಿನ ತುಂಬ ಧೂಳು, ಬಚ್ಚಲಾದರೆ ವಾಟರ್‌ಪ್ರೂಫಿಂಗ್‌ಗೆ ಪೆಟ್ಟು. ಆದರೆ ಮೊದಲು ಪ್ರತಿ ಟೈಲ್ಸನ್ನೂ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ತುಂಬಿಸಬೇಕು. ಹೊಸ ಪದರ ಚದರ ಅಡಿಗೆ ಸುಮಾರು ಎರಡೂವರೆ ಕಿಲೋ ಭಾರ ಕೂಡಿಸುತ್ತದೆ, ಹಾಗಾಗಿ ಹಳೆ ಕಟ್ಟಡವಾದರೆ ಎಂಜಿನಿಯರ್ ಹತ್ತಿರ ಒಂದು ಮಾತು ಕೇಳಿ. ನೆಲ 12ರಿಂದ 15 ಮಿಲಿಮೀಟರ್ ಏರುತ್ತದೆ. ಬಾಗಿಲುಗಳ ಅಡಿ ಕೊಯ್ಯಿಸಬೇಕಾಗುತ್ತದೆ. ಬಾಲ್ಕನಿಯ ನೆಲ ಹಾಲಿಗಿಂತ ಕೆಳಗೇ ಉಳಿಯಬೇಕು, ಇಲ್ಲದಿದ್ದರೆ ಮಳೆ ನೀರು ನೇರ ಒಳಗೆ ಬರುತ್ತದೆ.

ಮೇಲೆ ಹಾಕುವಾಗ ಸಿಮೆಂಟ್ ಗಾರೆ ನಡೆಯುವುದಿಲ್ಲ. ನೀರು ಹೀರದ ಟೈಲ್ಸ್ ಮೇಲೆ ಅದು ಕಚ್ಚಿಕೊಳ್ಳುವುದಿಲ್ಲ. ಪಾಲಿಮರ್ ಸೇರಿದ ಟೈಲ್ಸ್ ಅಂಟೇ ಬೇಕು. ಆ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ಉಳಿತಾಯಕ್ಕೆ ಅಂತ ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಉಂಡೆ ಇಟ್ಟು ಒತ್ತುವವರು ಇದ್ದಾರೆ. ಉಂಡೆಗಳ ನಡುವೆ ಖಾಲಿ ಉಳಿಯುತ್ತದೆ. ಅಲ್ಲಿ ಭಾರದ ಪಾತ್ರೆ ಬಿದ್ದರೆ ಟೈಲ್ಸ್ ಒಡೆಯುತ್ತದೆ. ನಮ್ಮ ಮೇಸ್ತ್ರಿ ಹಾಕಿದ ಒಂದು ಟೈಲ್ಸನ್ನು ತಾವಾಗಿ ಎತ್ತಿ, ಹಿಂಬದಿಗೆ ಅಂಟು ಪೂರ್ತಿ ಹಿಡಿದಿದೆಯಾ ಅಂತ ತೋರಿಸಿದರು. ಅಂಥವರು ಕೂಲಿ ಸ್ವಲ್ಪ ಜಾಸ್ತಿ ಕೇಳಿದರೆ ಸಂತೋಷದಿಂದ ಕೊಡಿ. ಬೇಕಾದರೆ ಸ್ವಲ್ಪ ಅಗ್ಗದ ಟೈಲ್ಸ್ ತೆಗೆದುಕೊಳ್ಳಿ, ಮೇಸ್ತ್ರಿ ವಿಷಯದಲ್ಲಿ ಚೌಕಾಸಿ ಬೇಡ.

ಗೋಡೆಯ ಬುಡದಲ್ಲಿ ಐದಾರು ಮಿಲಿಮೀಟರ್ ಸಂದು ಬಿಡಿಸಿ, ಗೋಡೆಯ ಅಂಚಿಗೆ ಹಾಕುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ಬಿಸಿಗೆ ಟೈಲ್ಸ್ ಹಿಗ್ಗುತ್ತದೆ. ಸಂದು ಇಲ್ಲದಿದ್ದರೆ ಏಪ್ರಿಲ್, ಮೇ ಸೆಕೆಗೆ ಹಾಲಿನ ನಡುವೆ ಎರಡು ಟೈಲ್ಸ್ ಎದ್ದು ನಿಲ್ಲಬಹುದು. ಬಾಕ್ಸ್‌ಗಳ ಮೇಲಿನ ಬ್ಯಾಚ್ ನಂಬರ್ ಎಲ್ಲ ಒಂದೇ ಇರಲಿ, ಒಂದು ಬಾಕ್ಸ್ ಮನೆಯಲ್ಲಿ ಉಳಿಸಿಕೊಳ್ಳಿ.

ಕೊನೆಗೆ ನಮ್ಮ ಬಿಲ್ಡರ್‌ಗಳಿಗೆ ಒಂದು ಮಾತು. ಬ್ರೋಷರ್‌ನಲ್ಲಿ ಬರೀ ‘ವಿಟ್ರಿಫೈಡ್ ಫ್ಲೋರಿಂಗ್’ ಅಂತ ಹಾಕಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ಜಾರುವಿಕೆಯ ದರ್ಜೆ ಯಾವುದು ಅಂತ ಬರೆಯಿರಿ. ಹೊಳೆಯುವುದು ಬೇಡ ಅನ್ನುವವರಿಗೆ ಅದೇ ಬೆಲೆಗೆ ಮ್ಯಾಟ್ ಕೊಡಿ. ಈಗ ಫ್ಲ್ಯಾಟ್ ಬುಕ್ ಮಾಡುತ್ತಿರುವವರೂ ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.