ಸ್ಯಾಂಪಲ್ ತಂದಿದೀರಾ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಳೇ ಪದ್ಮಿನಿ ಕಾರಿನ ಎಂಜಿನ್ನಿಗೆ ಪೆಟ್ರೋಲ್ ಎಳೆಯೋ ಪಂಪಿಗೆ ಡಯಾಫ್ರಂ ಕೇಳಿ ನೋಡಿ. ಇದೆ ಅನ್ನೋಲ್ಲ, ಇಲ್ಲ ಅನ್ನೋಲ್ಲ. "ಸ್ಯಾಂಪಲ್ ತಂದಿದೀರಾ?" ಅಂತಾರೆ. ಸ್ಯಾಂಪಲ್ ಮಲ್ಲೇಶ್ವರದ ಶೆಡ್ಡಿನಲ್ಲಿ ಎಂಜಿನ್ನಿಗೆ ಕಚ್ಚಿಕೊಂಡು ಕೂತಿದೆ. ನೀವು ಪಾರ್ಕಿಂಗಿಗಾಗಿ ನಾಲ್ಕು ಸುತ್ತು ಹೊಡೆದು ಇಲ್ಲಿ ಬೆವರೊರೆಸಿಕೊಳ್ಳುತ್ತಿದ್ದೀರಿ.

ಡಯಾಫ್ರಂ ಅಂದರೆ ಸಣ್ಣ ಹಪ್ಪಳದಷ್ಟಗಲದ ರಬ್ಬರು ಬಟ್ಟೆ. ಎಂಜಿನ್ನಿನೊಳಗೆ ತಿರುಗೋ ಕ್ಯಾಮ್‌ಶಾಫ್ಟ್ ಪಂಪಿನ ಲಿವರನ್ನು ಒತ್ತಿದಾಗ ಕೆಳಗಿಳಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತೆ, ಸ್ಪ್ರಿಂಗ್ ಮೇಲಕ್ಕೆ ದಬ್ಬಿದಾಗ ಕಾರ್ಬುರೇಟರಿಗೆ ಕಳಿಸುತ್ತೆ. ಇಷ್ಟೇ ಕೆಲಸ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ಕಾಲದ ರಬ್ಬರಿಗೆ ಅದು ಆಗಿಬರೋಲ್ಲ. ಮೊದಲು ಉಬ್ಬುತ್ತೆ, ಆಮೇಲೆ ಸೆಟೆದುಕೊಳ್ಳುತ್ತೆ, ಒಂದು ದಿನ ಬಿರಿಯುತ್ತೆ. ಪಂಪಿನ ತಳದ ಸಣ್ಣ ತೂತಿನಿಂದ ತೊಟ್ಟಿಕ್ಕಿದರೆ ಪುಣ್ಯ, ಕಣ್ಣಿಗೆ ಬೀಳುತ್ತೆ. ಒಳಗಿಂದೊಳಗೇ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲೋ ಸಂಪಿಗೆ ಇಳಿದರೆ, ಮಟ್ಟ ನೋಡೋ ಕಡ್ಡಿ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ ಹಾಗೆ ಕಾಣುತ್ತೆ. ಸಂಪು ತಾನಾಗೇ ತುಂಬೋದು ಬೆಂಗಳೂರಿನವರ ಬಹುಕಾಲದ ಕನಸು, ನಿಜ. ಈ ಸಂಪು ಮಾತ್ರ ತುಂಬಬಾರದು. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಹೊಡೆಯಲೇಬೇಡಿ. ನೀರಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತೆ. ಪೂರ್ತಿ ಇಳಿಸಿ, ಹೊಸದು ಹಾಕಿಯೇ ಮುಂದಿನ ಮಾತು.

ಸರಿ, ಪಂಪನ್ನೇ ಬಿಚ್ಚಿ ಕವರಿನಲ್ಲಿ ಹಾಕಿಕೊಂಡು ಮತ್ತೆ ಅಂಗಡಿಗೆ. ಯಜಮಾನರು ಕನ್ನಡಕ ಹಣೆಗೇರಿಸಿ, ಡಯಾಫ್ರಮ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಅಂಚಿನ ಸ್ಕ್ರೂ ತೂತು ಎಣಿಸಲು ಶುರುಮಾಡುತ್ತಾರೆ. "ಒಂದು, ಎರಡು, ಮೂರು..." ಫೋನು. "ಹಾಂ, ಇನೋವಾ ಬ್ರೇಕ್ ಪ್ಯಾಡಾ? ಇದೆ, ಹುಡುಗನ್ನ ಕಳ್ಸಿ." ಮತ್ತೆ ಒಂದರಿಂದ. ಐದರ ಹೊತ್ತಿಗೆ ಟೀ ಬರುತ್ತೆ. ಲೋಟ ಕೆಳಗಿಡುವಷ್ಟರಲ್ಲಿ ಶುರುಮಾಡಿದ ತೂತು ಯಾವುದು ಅನ್ನೋದೇ ಮರೆತಿರುತ್ತೆ. ದುಂಡಗಿರೋದರ ತೊಂದರೆಯೇ ಅದು. ತಡೆಯಲಾರದೆ ನೀವು "ಎಂಟಿದೆ ಸಾರ್" ಅಂದಿರೋ, ಕೆಟ್ಟಿರಿ. "ನೀವು ಹೇಳ್ತೀರಾ, ಆಮೇಲೆ ವಾಪಸ್ ತರ್ತೀರಾ" ಅಂತ ಬೆರಳು ಮತ್ತೆ ಮೊದಲಿಗೆ. ಕೊನೆಗೊಮ್ಮೆ ರ್‍ಯಾಕಿನ ತುದಿಯಿಂದ ಧೂಳು ಹಿಡಿದ ಡಬ್ಬ ಇಳಿಯುತ್ತೆ. ಒಳಗಿರೋದು ಆರು ತೂತಿನದು.

"ಇದೇ ಬರುತ್ತೆ. ಇನ್ನೆರಡು ತೂತು ಹೊಡಿಸ್ಕೊಳ್ಳಿ."

ಆರು ತೂತಾದರೆ ನಡುವಿನ ಅಂತರ 60 ಡಿಗ್ರಿ, ಎಂಟಾದರೆ 45. ತಾಳೆಯಾಗೋದು ಎದುರುಬದುರಿನ ಎರಡೇ. ಹೊಸದಾಗಿ ಹೊಡೆಯಬೇಕಾದ್ದು ಆರು, ಸುಮ್ಮನೆ ಸೋರುತ್ತ ಕೂರೋವು ನಾಲ್ಕು. ಇದನ್ನು ಅವರಿಗೆ ವಿವರಿಸಲು ಹೋಗಬೇಡಿ. ಮೊದಲಿಂದ ಎಣಿಸುತ್ತಾರೆ.

ತೂತು ಸರಿಹೋದರೂ ನಡುವಿನ ಕಡ್ಡಿಯ ಉದ್ದ ಹಳೆಯದರ ಪಕ್ಕ ಇಟ್ಟು ನೋಡಲೇಬೇಕು. ವೈಟಾನ್ ಅನ್ನೋ ಗಟ್ಟಿ ಜಾತಿಯ ರಬ್ಬರಿನ ಡಯಾಫ್ರಂ ಸಿಕ್ಕರೆ ಎಥನಾಲಿಗೆ ಬಗ್ಗೋಲ್ಲ. ಅದರ ಜೊತೆಗೇ ಪೆಟ್ರೋಲ್ ಹೋಸ್ ಕೂಡ ಬದಲಿಸಿಬಿಡಿ, ಮೈಮೇಲೆ ಜೆ30 ಆರ್9 ಅಂತ ಅಚ್ಚಾಗಿರೋದು. ಪಂಪಿಗೂ ಎಂಜಿನ್ ಬ್ಲಾಕಿಗೂ ನಡುವೆ ಇರುವ, ಬಿಸಿ ತಡೆಯೋ ಬೇಕಲೈಟ್ ತುಂಡನ್ನು ಎಸೆಯಬೇಡಿ. ಅದಿಲ್ಲದೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ಕೂತುಬಿಡುತ್ತೆ, ಆಮೇಲೆ ಪಂಪು ತಣಿಸೋಕೆ ಒದ್ದೆ ಬಟ್ಟೆಯ ಉಪಚಾರ. ಅದರ ದಪ್ಪವನ್ನೂ ಬದಲಿಸಬಾರದು: ತೆಳುವಾದರೆ ಲಿವರು ಅತಿಯಾಗಿ ಎಳೆದು ಹೊಸ ಡಯಾಫ್ರಂ ಹರಿಯುತ್ತೆ, ದಪ್ಪವಾದರೆ ಪೆಟ್ರೋಲ್ ಸಾಲೋಲ್ಲ.

ಇಷ್ಟೆಲ್ಲ ಬೈದರೂ, ಆ ಡಬ್ಬ ಯಾವ ರ್‍ಯಾಕಿನಲ್ಲಿದೆ ಅಂತ ಕಂಪ್ಯೂಟರ್ ಇಲ್ಲದೆ ಹೇಳೋರು ಅವರೊಬ್ಬರೇ. ಪದ್ಮಿನಿ ತಯಾರಾಗೋದು ನಿಂತು ಕಾಲು ಶತಮಾನವಾಯಿತು. ಆಮೇಲೂ ಸಾಮಾನು ಬರುತ್ತಿತ್ತು ಅಂದರೆ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳ ದಯೆ. 2023ರ ಅಕ್ಟೋಬರಿನಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಯಜಮಾನರ ಮಗ ಅದೇ ಅಂಗಡಿಯ ಮುಂಭಾಗದಲ್ಲಿ ಸೀಟ್ ಕವರು, ಟಚ್ ಸ್ಕ್ರೀನು ಮಾರುತ್ತಾನೆ. ಹಿಂದಿನ ರ್‍ಯಾಕು ವರ್ಷಕ್ಕೊಂದು ಅಡಿ ಕಿರಿದಾಗುತ್ತಿದೆ.

ಜೋಡಿಸೋದು ದೊಡ್ಡ ವಿದ್ಯೆಯಲ್ಲ. ಬಿಚ್ಚುವ ಮೊದಲೇ ಪಂಪಿನ ಮೇಲಿನ, ಕೆಳಗಿನ ಭಾಗಕ್ಕೆ ಸೇರಿಸಿ ಅರದಿಂದ ಒಂದು ಗೀರು ಹಾಕಿ. ಒಳಗಿನ ಎರಡು ವಾಲ್ವುಗಳು ನೋಡೋಕೆ ಅವಳಿ, ಕೂರೋದು ಒಂದಕ್ಕೊಂದು ತಲೆಕೆಳಗಾಗಿ. ಎರಡನ್ನೂ ಒಂದೇ ಕಡೆಗೆ ಹಾಕಿದರೆ ಪಂಪು ತೆಪ್ಪಗಿರುತ್ತೆ. ಸ್ಕ್ರೂ ಬಿಗಿ ಮಾಡುವಾಗ ಲಿವರನ್ನು ಪೂರ್ತಿ ಒತ್ತಿ ಹಿಡಿದಿರಬೇಕು, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಇನ್‌ಲೆಟ್ಟಿಗೆ ಬೆರಳೊತ್ತಿ ಲಿವರ್ ಆಡಿಸಿ. ಬೆರಳನ್ನು ಕೆಲವು ಸೆಕೆಂಡು ಕಚ್ಚಿ ಹಿಡಿದರೆ ಕೆಲಸ ಗೆದ್ದಿತು.

ಲಿವರಿನ ಪಿನ್ನು ಸವೆದಿದ್ದರೆ ಮಾತ್ರ ತೆಗೆಯಿರಿ, ಅದನ್ನೂ ದೊಡ್ಡ ಪಾರದರ್ಶಕ ಕವರಿನೊಳಗೆ ಕೈಯಿಟ್ಟುಕೊಂಡೇ ತೆಗೆಯಿರಿ. ಪಿನ್ನು ಈಚೆ ಬಂದ ಕ್ಷಣ ಒಳಗಿನ ರಿಟರ್ನ್ ಸ್ಪ್ರಿಂಗು 'ಟಣ್' ಅಂತ ಹಾರುತ್ತೆ. ಶೆಡ್ಡಿನ ಬಾಗಿಲು ತೆರೆದಿದ್ದರೆ ನೆಟ್ಟಗೆ ಮೋರಿಗೆ. ಮತ್ತೆ ಜೆ.ಸಿ. ರಸ್ತೆ, ಮತ್ತೆ ನಾಲ್ಕು ಸುತ್ತು, ಅದೇ ಕೌಂಟರು.

"ಸ್ಪ್ರಿಂಗಾ? ಇರುತ್ತೆ ಬಿಡಿ. ಎಲ್ಲಿ, ಸ್ಯಾಂಪಲ್ ಕೊಡಿ."