ದುರ್ಗದ ಗಣೆಗೂ ಒಂದು ಬೋರ್ಡು ಬೇಕು

ವಿಯೆನ್ನಾದಲ್ಲಿ ಸಂಗೀತಗಾರ ಮೊಜಾರ್ಟ್ ಬಾಡಿಗೆಗಿದ್ದ ಮನೆ ನೋಡಲಿಕ್ಕೂ ಟಿಕೆಟ್ ಇದೆ. ಡೋಮ್‌ಗಾಸೆ ಬೀದಿಯ 5ನೇ ನಂಬರು. 1784ರಿಂದ 1787ರವರೆಗೆ ಅವನು ಅಲ್ಲಿದ್ದ. ಅವನು ಬಳಸಿದ ಸಾಮಾನು ಹೆಚ್ಚೇನೂ ಉಳಿದಿಲ್ಲ. ಆದರೂ ಜನ ದುಡ್ಡು ಕೊಟ್ಟು ಒಳಗೆ ಹೋಗುತ್ತಾರೆ, ಖುಷಿಯಾಗಿ ಹೊರಗೆ ಬರುತ್ತಾರೆ. ಇನ್ನೊಬ್ಬ ಸಂಗೀತಗಾರ ಶೂಬರ್ಟ್ ಹುಟ್ಟಿದ ಮನೆಯಲ್ಲಿ ಅವನ ಕನ್ನಡಕ ಇಟ್ಟಿದ್ದಾರೆ. ಬೀಥೋವನ್ ಅಂತೂ ಮನೆ ಬದಲಾಯಿಸುತ್ತಲೇ ಇದ್ದ ಮನುಷ್ಯ. ಕಿವಿ ಮಂದವಾಗುತ್ತಿರುವ ಸಂಕಟವನ್ನು 1802ರಲ್ಲಿ ತಮ್ಮಂದಿರಿಗೆ ಬರೆದು, ಕಳಿಸದೇ ಇಟ್ಟುಕೊಂಡ. ಅದನ್ನು ಬರೆದ ಹೈಲಿಗನ್‌ಸ್ಟಾಟ್‌ನಲ್ಲಿ ಈಗ ಮ್ಯೂಸಿಯಂ ಇದೆ.

ನಾನು ದಾವಣಗೆರೆಯವನು, ಈಗ ಇರುವುದು ಇಲ್ಲಿ, ವಿಯೆನ್ನಾದಲ್ಲಿ. ಊರಿಂದ ಬಂದ ನೆಂಟರನ್ನು ಇಲ್ಲೆಲ್ಲ ತಿರುಗಿಸುವುದು ನನ್ನ ಪಾಲಿಗೆ ಬಂದ ಕೆಲಸ. ಸುತ್ತಾಡಿ ಸುಸ್ತಾದ ಮೇಲೆ ಎಲ್ಲರೂ ಹೇಳುವುದು ಒಂದೇ: "ನಮ್ಮ ಕಡೆ ಇಂಥದ್ದೇನೂ ಇಲ್ಲಪ್ಪ." ನಾನು ಒಪ್ಪುವುದಿಲ್ಲ. ಇದೆ, ಬೇಕಾದಷ್ಟಿದೆ. ಎಲ್ಲಿದೆ, ಯಾವಾಗ ಕೇಳಬಹುದು ಅಂತ ಹೇಳುವವರಿಲ್ಲ.

ಇಲ್ಲಿನ ಹೌಸ್ ಡೆರ್ ಮ್ಯೂಸಿಕ್ ಎಂಬ ಮ್ಯೂಸಿಯಂನಲ್ಲಿ ಒಂದು ಆಟ ಇದೆ. ಕೈಗೆ ವಾದ್ಯಮೇಳ ನಡೆಸುವವರ ಕೋಲು ಕೊಡುತ್ತಾರೆ, ಎದುರಿನ ಪರದೆ ಮೇಲೆ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯಗಾರರು. ನೀವು ಕೋಲು ಬೀಸಿದ ಲಯಕ್ಕೆ ಅವರು ನುಡಿಸುತ್ತಾರೆ. ತೀರಾ ಎಡವಟ್ಟು ಮಾಡಿದರೆ ನುಡಿಸುವುದನ್ನು ನಿಲ್ಲಿಸಿ ಬೈಯುತ್ತಾರೆ! ಮಕ್ಕಳು ಮತ್ತೆ ಮತ್ತೆ ಬೈಸಿಕೊಳ್ಳಲೆಂದೇ ಸಾಲು ನಿಲ್ಲುತ್ತಾರೆ. ಆಪೆರಾ ಎಂಬ ಸಂಗೀತ ನಾಟಕಕ್ಕೂ ಹಾಗೇ, ನಿಂತು ನೋಡುವ ಟಿಕೆಟ್ ಅಗ್ಗ. ಕಂಬಿಗೆ ಸ್ಕಾರ್ಫ್ ಕಟ್ಟಿ ಹೊರಗೆ ಹೋದರೆ ಜಾಗ ನಿಮ್ಮದೇ, ನಮ್ಮಲ್ಲಿ ಬಸ್ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಸಂಗೀತ ಗೊತ್ತಿಲ್ಲದವನಿಗೂ ಒಳಗೆ ಬರಲು ಇಲ್ಲಿ ಬಾಗಿಲಿದೆ. ನನಗೆ ಹೊಟ್ಟೆಕಿಚ್ಚಾಗುವುದು ಅದಕ್ಕೇ, ಅರಮನೆಗಳಿಗಲ್ಲ.

ಆದರೆ ಹಳೇ ವಾದ್ಯಗಳ ಸಂಗ್ರಹಕ್ಕೆ ಹೋದಾಗ ನನಗೆ ಬೇರೆಯೇ ಅನಿಸುತ್ತದೆ. ಪಿಯಾನೊ, ಪಿಟೀಲು, ಕೊಂಬು, ಎಲ್ಲ ಫಳಫಳ. ಮುಟ್ಟುವ ಹಾಗಿಲ್ಲ. ಆಗ ಗಣೆ ನೆನಪಾಗುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು ಕಡೆಯ ಕಾಡುಗೊಲ್ಲರ ಉದ್ದನೆಯ ಬಿದಿರು ಕೊಳಲು ಅದು. ಅವರ ದೈವ ಜುಂಜಪ್ಪನ ಕಥೆ ಹಾಡುವವರ ಜೊತೆಗಿರುವ ವಾದ್ಯ. ಅವರಿಗೆ ಅದು ಬರೀ ಕೊಳಲಲ್ಲ, ದೇವರ ಸೊತ್ತು. ಅದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಸಾವಿರಾರು ಹಾಡು ಅವರ ನೆನಪಿನಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ದುರ್ಗದ ಕೋಟೆ ನೋಡಲು ಬರುವ ಎಷ್ಟು ಜನಕ್ಕೆ ಈ ಹೆಸರು ಗೊತ್ತು ಹೇಳಿ? ದುರ್ಗದ ಸಂಗೀತಗಾರನೊಬ್ಬನ ಬದುಕನ್ನೇ ತ.ರಾ.ಸು. 'ಹಂಸಗೀತೆ' ಕಾದಂಬರಿ ಮಾಡಿದರು. 1975ರಲ್ಲಿ ಸಿನಿಮಾ ಬಂತು, ಅದರ ಹಾಡಿಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ವಿಯೆನ್ನಾದವರ ಕೈಗೆ ಇಂಥ ಕಥೆ ಸಿಕ್ಕಿದ್ದರೆ ಬಿಡುತ್ತಿದ್ದರಾ?

ದಾವಣಗೆರೆದು ಇನ್ನೊಂದು ಕಥೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ನಾಟಕ ಅಂದರೆ ಕಾಲು ಹಾರ್ಮೋನಿಯಂ. ಮೇಷ್ಟ್ರು ಕಾಲಲ್ಲಿ ಗಾಳಿ ತುಂಬುತ್ತಾ, ಎರಡೂ ಕೈ ಕೀಲಿಮಣೆ ಮೇಲೆ ಓಡಿಸುತ್ತಾ, ಕಣ್ಣು ಮಾತ್ರ ಪಾತ್ರಧಾರಿಯ ಬಾಯಿ ಮೇಲೆ. ಮಜಾ ಏನಪ್ಪಾ ಅಂದರೆ, ಈ ಪೆಟ್ಟಿಗೆಯ ಪೂರ್ವಜ ಹುಟ್ಟಿದ್ದು ವಿಯೆನ್ನಾದಲ್ಲೇ. 1820ರ ಆಸುಪಾಸಿನಲ್ಲಿ ಆಂಟನ್ ಹೆಕಲ್ ಎಂಬಾತ ಫಿಸ್‌ಹಾರ್ಮೋನಿಕಾ ಅಂತ ಮಾಡಿದ. 1842ರಲ್ಲಿ ಪ್ಯಾರಿಸ್ಸಿನ ಡೆಬೆನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅಲ್ಲಿಂದ ಸುತ್ತಿ ಬಳಸಿ ಬಂದ ಪೆಟ್ಟಿಗೆ ನಮ್ಮ ಜಾತ್ರೆಯ ಟೆಂಟಿನಲ್ಲಿ ರಂಗಗೀತೆ ನುಡಿಸಿತು. ಇದನ್ನು ಹೇಳಲು ದಾವಣಗೆರೆಯಲ್ಲಿ ಒಂದು ಕೋಣೆ ಸಾಕು. ಒಂದು ಹಾರ್ಮೋನಿಯಂ ಗಾಜಿನೊಳಗೆ, ಇನ್ನೊಂದು ಹೊರಗೆ. ಹೊರಗಿನದನ್ನು ಮಕ್ಕಳು ತುಳಿಯಲಿ, ಕೆಟ್ಟರೆ ರಿಪೇರಿ ಮಾಡಿಸಿದರಾಯಿತು.

ನಮ್ಮ ಕಡೆ ಇಂಥದ್ದು ನಡೆಯಲ್ಲ ಅನ್ನುವವರು ಸಾಣೇಹಳ್ಳಿಗೆ ಹೋಗಿ ನೋಡಬೇಕು. ಹೊಸದುರ್ಗ ತಾಲ್ಲೂಕಿನ ಹಳ್ಳಿ ಅದು. ಅಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. ಪ್ರತಿ ವರ್ಷ ನವೆಂಬರ್‌ನಲ್ಲಿ ನಾಟಕೋತ್ಸವ, ಜೊತೆಗೆ ವಚನ ಗಾಯನ. ಅಲ್ಲಿನ ಶಿವಸಂಚಾರ ತಂಡ 1997ರಿಂದ ಊರೂರು ಸುತ್ತಿ ನಾಟಕ ಆಡುತ್ತಿದೆ. ಯಾವತ್ತು ಯಾವ ನಾಟಕ ಅಂತ ಮೊದಲೇ ಗೊತ್ತಾಗುತ್ತದೆ, ಜನ ಬರುತ್ತಾರೆ. ಹಳ್ಳಿಯಲ್ಲಿ ಆಗುವುದು ಜಿಲ್ಲಾ ಕೇಂದ್ರದಲ್ಲಿ ಯಾಕೆ ಆಗಲ್ಲ?

ದೊಡ್ಡ ಕಟ್ಟಡ ಬೇಡ. ಕಟ್ಟಿ, ಟೇಪ್ ಕತ್ತರಿಸಿ, ಬೀಗ ಹಾಕಿದ ಭವನಗಳು ಸುಮ್ನೆ ನಿಂತಿವೆ. ದುರ್ಗದ ರಂಗಯ್ಯನ ಬಾಗಿಲಿನ ಹತ್ತಿರ ಪ್ರಾಚ್ಯವಸ್ತು ಮ್ಯೂಸಿಯಂ ಇದೆಯಲ್ಲ, ಅಲ್ಲೊಂದು ಮೂಲೆಯಲ್ಲಿ ನಾಲ್ಕು ಹೆಡ್‌ಫೋನ್ ಇಟ್ಟು ಜುಂಜಪ್ಪನ ಹಾಡು ಕೇಳಿಸಿ. ಕೋಟೆ ಬಾಗಿಲಲ್ಲಿ, ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಈ ವಾರ ಎಲ್ಲಿ ನಾಟಕ, ಎಲ್ಲಿ ಭಜನೆ ಅಂತ ಒಂದು ಬೋರ್ಡು ಹಾಕಿ. ಕಂಪನಿಯವರು ಮೈಕ್ ಕಟ್ಟಿಕೊಂಡು ಬೀದಿ ಬೀದಿ ಸಾರುತ್ತಿದ್ದುದೂ ಇದನ್ನೇ ಅಲ್ವಾ?

ಗಣೆ ವಿಷಯದಲ್ಲಿ ಮಾತ್ರ ಅವಸರ ಬೇಡ. ಪ್ರವಾಸಿಗರು ಬಂದರು ಅಂತ ಯಾವಾಗಂದರೆ ಆವಾಗ ಊದಿಸುವ ವಾದ್ಯ ಅದಲ್ಲ. ಯಾವುದನ್ನು ಹೊರಗೆ ಕೇಳಿಸಬಹುದು, ಯಾವುದು ಹಟ್ಟಿಯೊಳಗೇ ಇರಬೇಕು ಎಂದು ಗೊಲ್ಲರೇ ಹೇಳಲಿ. ಬಂದ ಕಲಾವಿದರಿಗೆ ಶಾಲು, ಹಾರದ ಜೊತೆ ದುಡ್ಡನ್ನೂ ಅದೇ ದಿನ ಕೊಡಬೇಕು.